ಅವಳಿ ಗರ್ಭದ ಸ್ಕ್ಯಾನಿಂಗ್ ಮತ್ತು ಆಪ್ತ ಸಮಾಲೋಚನೆ: ದಾವಣಗೆರೆಯ ಈ ಕೇಂದ್ರಕ್ಕೆ ಐದು ತಿಂಗಳು ಓಡಾಡಿದ ಮೇಲೆ

ಒಂದೇ ಮಾಸನ್ನು ಹಂಚಿಕೊಂಡು ಬೆಳೆಯುವ ಅವಳಿ ಮಕ್ಕಳನ್ನು ಹೊತ್ತ ತಾಯಂದಿರೂ ಅವರ ಮನೆಯವರೂ ಓದಲಿ ಎಂದು ಈ ಅಭಿಪ್ರಾಯವನ್ನು ತುಸು ದೀರ್ಘವಾಗಿಯೇ ಬರೆಯುತ್ತಿದ್ದೇನೆ. ದಾವಣಗೆರೆಯ ಈ ಸ್ಕ್ಯಾನಿಂಗ್ ಕೇಂದ್ರಕ್ಕೆ ನಾನು ಹದಿಮೂರನೆಯ ವಾರದಿಂದ ಹೆರಿಗೆಯ ಹಿಂದಿನ ದಿನದವರೆಗೆ ಒಟ್ಟು 16 ಸಲ ಬಂದಿದ್ದೇನೆ. ಯಂತ್ರ ಹೊಸದು, ಕೊಠಡಿ ಸ್ವಚ್ಛ ಎಂಬುದನ್ನು ಬೇರೆಯವರು ಈಗಾಗಲೇ ಬರೆದಿದ್ದಾರೆ. ಭಯದಿಂದ ನಿದ್ದೆಗೆಟ್ಟು ಬಂದವಳೊಬ್ಬಳನ್ನು ಇಲ್ಲಿ ಹೇಗೆ ನಡೆಸಿಕೊಂಡರು ಎಂಬುದನ್ನು ಯಾರೂ ಬರೆದಂತೆ ಕಾಣಲಿಲ್ಲ.

ನಮ್ಮೂರು ಮಲೇಬೆನ್ನೂರಿನ ಹತ್ತಿರ. ಮೊದಲ ಸ್ಕ್ಯಾನಿಂಗ್ ಬೇರೊಂದು ಕಡೆ ಆಯಿತು. ಅಲ್ಲಿ ಕೊಟ್ಟ ವರದಿಯಲ್ಲಿ ಅವಳಿ ಗರ್ಭ ಎಂಬುದನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಮನೆಯಲ್ಲಿ ಸಂಭ್ರಮವೋ ಸಂಭ್ರಮ. ಅತ್ತೆಯವರು ಮರುದಿನವೇ ಹರಿಹರೇಶ್ವರನಿಗೆ ಹಣ್ಣುಕಾಯಿ ಮಾಡಿಸಿಕೊಂಡು ಬಂದರು, ಪಕ್ಕದ ಮನೆಯವರು ಜೋಡಿ ಬಾಳೆಹಣ್ಣು ತಿಂದಿದ್ದೆಯಾ ಎಂದು ಕೇಳಿದರು. ಆದರೆ ನನ್ನನ್ನು ನೋಡುತ್ತಿದ್ದ ವೈದ್ಯೆ ವರದಿ ಓದಿ, ಮಾಸು ಒಂದೋ ಎರಡೋ ಎಂದು ಇದರಲ್ಲಿ ಬರೆದಿಲ್ಲ, ಅದು ಗೊತ್ತಾಗದೆ ಮುಂದಿನ ಆರೈಕೆ ತೀರ್ಮಾನವಾಗುವುದಿಲ್ಲ, 14 ವಾರ ತುಂಬುವುದರೊಳಗೆ ದಾವಣಗೆರೆಗೆ ಹೋಗಿ ನೋಡಿಸಿಕೊಂಡು ಬನ್ನಿ ಎಂದು ಚೀಟಿ ಬರೆದುಕೊಟ್ಟರು. ಆ ರಾತ್ರಿ ಮೊಬೈಲಿನಲ್ಲಿ ಹುಡುಕಿದ್ದು ನನ್ನ ತಪ್ಪು. ಒಂದು ಮಗುವಿನ ರಕ್ತ ಇನ್ನೊಂದಕ್ಕೆ ಹರಿದುಹೋಗುವುದು, ಒಂದು ಹೋದರೆ ಇನ್ನೊಂದಕ್ಕೂ ಅಪಾಯವಾಗುವುದು, ಇವೆಲ್ಲವನ್ನೂ ಬೆಳಗಿನ ಜಾವದವರೆಗೆ ಓದಿ, ಎದ್ದಾಗ ಅನ್ನದ ವಾಸನೆಯನ್ನೂ ಸಹಿಸಲಾರದಷ್ಟು ಸೋತುಹೋಗಿದ್ದೆ.

ಈ ಕೇಂದ್ರಕ್ಕೆ ಮೊದಲ ಸಲ ಬಂದಾಗ 13 ವಾರ 2 ದಿನ ಆಗಿತ್ತು. ಇಲ್ಲಿನ ವೈದ್ಯೆ ಮೊದಲು ನೋಡಿದ್ದು ಎರಡು ಮಕ್ಕಳ ನಡುವಿನ ಪೊರೆ ಮಾಸಿಗೆ ಬಂದು ಸೇರುವ ಜಾಗವನ್ನು. ಪರದೆಯ ಮೇಲೆ ಈರುಳ್ಳಿಯ ಒಳಸಿಪ್ಪೆಯಷ್ಟು ತೆಳುವಾದ ಬಿಳಿ ಗೆರೆಯೊಂದು ಕಂಡಿತು. ಎರಡು ಮಾಸುಗಳು ಕೂಡಿಕೊಂಡಿದ್ದರೆ ಆ ಜಾಗದಲ್ಲಿ ತ್ರಿಕೋನದಂಥ ದಪ್ಪ ಬೆಣೆ ಕಾಣಿಸುತ್ತದೆ, ಒಂದೇ ಮಾಸಾದರೆ ಗೆರೆ ನೇರವಾಗಿ ಬಂದು ಇಂಗ್ಲಿಷಿನ ಟೀ ಅಕ್ಷರದ ಹಾಗೆ ನಿಲ್ಲುತ್ತದೆ ಎಂದು ಹೇಳಿ, ಚಿತ್ರವನ್ನು ಮುದ್ರಿಸಿ, ಅದರ ಮೇಲೆ ಪೆನ್ನಿನಿಂದ ಗುರುತು ಹಾಕಿ ನನ್ನ ಕೈಗೆ ಕೊಟ್ಟರು. ನನ್ನದು ಒಂದೇ ಮಾಸು, ಎರಡು ನೀರಿನ ಚೀಲ. ದಿನ ಕಳೆದಂತೆ ಈ ಗುರುತು ಮಸುಕಾಗುವುದರಿಂದ 11ರಿಂದ 14 ವಾರದೊಳಗೆ ನೋಡಿಸುವುದೇ ಸರಿಯಾದ ಕಾಲವಂತೆ. ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ಅವಳಿ ಎಂದು ಗೊತ್ತಾಗಿದ್ದು ವರದಿಯಲ್ಲಿ ಮಾಸಿನ ಸಂಗತಿ ಇಲ್ಲದಿದ್ದರೆ, ದಯವಿಟ್ಟು ಇದೇ ವಾರ ಕೇಳಿ.

ನಾನು ತಡೆಯಲಾರದೆ, ಇದು ನನ್ನಿಂದ ಆದದ್ದೇ ಎಂದು ಕೇಳಿಬಿಟ್ಟೆ. ಅವರು ಪ್ರೋಬನ್ನು ಪಕ್ಕಕ್ಕಿಟ್ಟು, "ನೋಡಮ್ಮ, ಒಂದೇ ಅಂಡ ಗರ್ಭ ಕಟ್ಟಿದ ಮೇಲೆ ತಾನಾಗಿ ಎರಡಾಗಿದೆ. ಮೊದಲ ಮೂರು ದಿನದಲ್ಲಿ ಆಗಿದ್ದರೆ ಎರಡು ಮಾಸು ಬರುತ್ತಿತ್ತು. ನಾಲ್ಕರಿಂದ ಎಂಟನೇ ದಿನದೊಳಗೆ ಆದರೆ ಹೀಗೆ ಒಂದೇ ಮಾಸು. ಆಗ ನಿಮಗೆ ಗರ್ಭ ನಿಂತದ್ದೇ ಗೊತ್ತಿರಲಿಲ್ಲ. ನೀವು ತಿಂದದ್ದು, ಎತ್ತಿದ್ದು, ಬಸ್ಸಿನಲ್ಲಿ ಓಡಾಡಿದ್ದು ಯಾವುದೂ ಕಾರಣವಲ್ಲ" ಎಂದರು. ಆ ಮಾತಿಗೆ ಅವರು ತೆಗೆದುಕೊಂಡದ್ದು ಎರಡು ನಿಮಿಷವಿರಬಹುದು. ಗದ್ದೆಯಲ್ಲಿ ನಾಟಿಯ ಹೊತ್ತಿಗೆ ಕೆಲಸ ಮಾಡಿದ್ದರಿಂದಲೇ ಹೀಗಾಯಿತೇನೋ ಎಂದು ಒಳಗೊಳಗೇ ಕೊರಗುತ್ತಿದ್ದ ನನಗೆ, ಆ ಎರಡು ನಿಮಿಷ ಅವರು ಕೊಡದೇ ಹೋಗಿದ್ದರೆ ಆ ಕೊರಗು ಹೆರಿಗೆಯವರೆಗೂ ಜೊತೆಯಲ್ಲೇ ಇರುತ್ತಿತ್ತು.

ನಮ್ಮವರಿಗೆ ಅವರು ವಿಷಯ ತಿಳಿಸಿದ ರೀತಿ ಇನ್ನೂ ಕಣ್ಣಮುಂದಿದೆ. ಊರು, ಬೆಳೆ ವಿಚಾರಿಸಿ, ಭದ್ರಾ ನಾಲೆಯ ನೀರು ನಿಮಗೆ ಸರಿಯಾಗಿ ಬರುತ್ತದೆಯೇ ಎಂದು ಕೇಳಿದರು. ನಮ್ಮದು ನಾಲೆಯ ಕೊನೆ ಭಾಗದ ಜಮೀನು. ಮೇಲಿನವರಿಗೆ ಗದ್ದೆ ತುಂಬಿ ಹರಿಯುವಾಗ ನಮಗೆ ಸಾಲದೆ ಬರುವುದು ಪ್ರತಿ ಬೇಸಿಗೆಯ ಕಥೆ. ಒಂದೇ ಮಾಸಿನೊಳಗೆ ಎರಡು ಮಕ್ಕಳ ರಕ್ತನಾಳಗಳೂ ಒಂದಕ್ಕೊಂದು ಕೂಡಿಕೊಂಡಿರುತ್ತವೆ, ಸಾಮಾನ್ಯವಾಗಿ ಕೊಡುವುದು ಪಡೆಯುವುದು ಸಮನಾಗಿ ನಡೆಯುತ್ತದೆ, ಕೆಲವರಲ್ಲಿ ಮಾತ್ರ ಹರಿವು ಒಂದೇ ಕಡೆಗೆ ವಾಲುತ್ತದೆ ಎಂದು ಚೀಟಿಯ ಹಿಂಬದಿಯಲ್ಲಿ ಬರೆದು ತೋರಿಸಿದರು. ಕೊಡುವ ಮಗುವಿಗೆ ರಕ್ತ ಕಡಿಮೆಯಾಗಿ ಮೂತ್ರ ಕಡಿಮೆಯಾಗುತ್ತದೆ, ಅದರ ಸುತ್ತಲಿನ ನೀರು ಇಂಗುತ್ತದೆ. ಪಡೆಯುವ ಮಗುವಿನ ಸುತ್ತ ನೀರು ಉಕ್ಕುತ್ತದೆ, ಅದರ ಹೃದಯಕ್ಕೆ ಹೊರೆ ಬೀಳುತ್ತದೆ. ನೀರು ಹೆಚ್ಚಾದ ಗದ್ದೆಯೂ ಕೊಳೆಯುತ್ತದಲ್ಲ ಮೇಡಂ ಎಂದು ನಮ್ಮವರು ಹೇಳಿದಾಗ, ಅವರಿಗೆ ಪೂರ್ತಿ ತಿಳಿಯಿತು ಎಂದು ನನಗೂ ಗೊತ್ತಾಯಿತು. ಒಂದೇ ಮಾಸಿನ ಅವಳಿಗಳಲ್ಲಿ ನೂರಕ್ಕೆ 10ರಿಂದ 15 ಗರ್ಭಗಳಲ್ಲಿ ಈ ತೊಂದರೆ ಬರುತ್ತದೆ ಎಂಬ ಅಂಕಿಯನ್ನೂ ಅವರು ಮುಚ್ಚಿಡಲಿಲ್ಲ.

16ನೇ ವಾರದಿಂದ ಹದಿನೈದು ದಿನಕ್ಕೊಮ್ಮೆ ಬರಬೇಕಾಯಿತು. ಪ್ರತಿ ಸಲವೂ ಎರಡೂ ಚೀಲಗಳಲ್ಲಿ ಅತಿ ಆಳವಾಗಿ ನೀರು ನಿಂತ ಜಾಗವನ್ನು ಹುಡುಕಿ, ಮೇಲಿಂದ ಕೆಳಕ್ಕೆ ಎರಡು ಚುಕ್ಕೆಗಳನ್ನು ಇಟ್ಟು, ಅವುಗಳ ನಡುವಿನ ಅಳತೆಯನ್ನು ಜೋರಾಗಿ ಓದಿ ಹೇಳುತ್ತಿದ್ದರು. ಒಂದು ಚೀಲದಲ್ಲಿ 2 ಸೆಂಟಿಮೀಟರಿಗಿಂತ ಕಡಿಮೆ, ಇನ್ನೊಂದರಲ್ಲಿ 8ಕ್ಕಿಂತ ಹೆಚ್ಚು, ಇವೆರಡೂ ಒಟ್ಟಿಗೆ ಆದರೆ ಮಾತ್ರ ಆ ಕಾಯಿಲೆಯ ಹೆಸರು ಹೇಳುತ್ತೇವೆ ಎಂದು ಮೊದಲೇ ತಿಳಿಸಿದ್ದರು. ಮಕ್ಕಳ ಮೂತ್ರಚೀಲ ತುಂಬಿದೆಯೇ ಎಂದು ನೋಡುತ್ತಿದ್ದರು. ಹೊಕ್ಕುಳಬಳ್ಳಿಯ ರಕ್ತದ ಹರಿವನ್ನೂ, 20ನೇ ವಾರದಿಂದ ಮಿದುಳಿನ ನಾಳದ ಹರಿವಿನ ವೇಗವನ್ನೂ ಅಳೆಯುತ್ತಿದ್ದರು. ನೀರಿನ ವ್ಯತ್ಯಾಸವೇ ಇಲ್ಲದೆ ಒಂದು ಮಗುವಿಗೆ ರಕ್ತಹೀನತೆ, ಇನ್ನೊಂದಕ್ಕೆ ರಕ್ತ ಅತಿಯಾಗಿ ಗಟ್ಟಿಯಾಗುವುದು ಎಂಬ ಇನ್ನೊಂದು ತೊಂದರೆ ಉಂಟು, ಅದು ಈ ವೇಗದಿಂದಲೇ ಗೊತ್ತಾಗುವುದು ಎಂದರು. ನಾನು ಒಂದು ನೋಟ್‌ಬುಕ್ಕಿನಲ್ಲಿ ಎಡಪುಟಕ್ಕೆ ಒಂದು ಮಗು, ಬಲಪುಟಕ್ಕೆ ಇನ್ನೊಂದು ಮಗು ಎಂದು ಬರೆದುಕೊಳ್ಳತೊಡಗಿದೆ. 18ನೇ ವಾರದಲ್ಲಿ ನೀರಿನ ಆಳ ಎಡಕ್ಕೆ 4.8 ಸೆಂಟಿಮೀಟರ್, ಬಲಕ್ಕೆ 3.6.

ಊರಿನಲ್ಲಿ ಎಲ್ಲರೂ ನನಗೆ "ಏನೂ ಆಗಲ್ಲ ಬಿಡವ್ವ" ಎನ್ನುತ್ತಿದ್ದರು. ಪ್ರೀತಿಯಿಂದಲೇ ಹೇಳುತ್ತಿದ್ದರು, ಆದರೂ ಆ ಮಾತು ಕೇಳಿದಾಗಲೆಲ್ಲ ಇವರಿಗೆ ವಿಷಯ ಗೊತ್ತಿಲ್ಲವಲ್ಲ ಎಂದು ನನ್ನ ಭಯ ಒಂದು ಗೇಣು ಹೆಚ್ಚೇ ಆಗುತ್ತಿತ್ತು. ಈ ವೈದ್ಯೆ ಐದು ತಿಂಗಳಲ್ಲಿ ಒಂದು ಸಲವೂ ಆ ಮಾತು ಆಡಲಿಲ್ಲ. ಅವರು ಹೇಳುತ್ತಿದ್ದುದು, "ಈ ಹದಿನೈದು ದಿನಕ್ಕೆ ಸರಿಯಿದೆ" ಎಂದು. ಮೊದಮೊದಲು ಇಷ್ಟೇ ಹೇಳುತ್ತಾರಲ್ಲ ಎನಿಸಿತು. ಆಮೇಲೆ ನನಗೆ ಅದೇ ಆಧಾರವಾಯಿತು. ಒಂಬತ್ತು ತಿಂಗಳ ಭಯವನ್ನು ಒಟ್ಟಿಗೆ ಹೊರಲು ಆಗುತ್ತಿರಲಿಲ್ಲ, ಹದಿನೈದು ದಿನದ್ದನ್ನು ಹೊರಬಹುದಾಗಿತ್ತು. ಹರಿಹರದಲ್ಲಿ ಬಸ್ಸು ಬದಲಿಸುವಾಗ ಈ ಮಾತನ್ನು ನಾನೇ ನನಗೆ ಹೇಳಿಕೊಳ್ಳುತ್ತಿದ್ದೆ.

20ನೇ ವಾರದಲ್ಲಿ ಎಡಪುಟದಲ್ಲಿ 6.1, ಬಲಪುಟದಲ್ಲಿ 2.9 ಎಂದು ಬರೆಯುವಾಗ ನನ್ನ ಕೈ ನಡುಗುತ್ತಿತ್ತು. ಅಳತೆ ಇನ್ನೂ ಮಿತಿಯೊಳಗಿದೆ, ಆದರೆ ಒಂದೇ ವಾರಕ್ಕೆ ಮತ್ತೆ ನೋಡೋಣ ಎಂದು ಹೇಳಿ ಅಂದೇ ಆಪ್ತ ಸಮಾಲೋಚಕಿಯ ಬಳಿ ಕಳಿಸಿದರು. ಈ ಸೇವೆ ಇಲ್ಲಿದೆ ಎಂಬುದು ಬಹಳ ಜನಕ್ಕೆ ತಿಳಿದಿಲ್ಲ, ಕೇಳಿ ಪಡೆಯಬೇಕು. ಚಿಕ್ಕ ಕೊಠಡಿ, ಎರಡು ಕುರ್ಚಿ, ಒಂದು ತಂಬಿಗೆ ನೀರು. ಆಕೆ ನನಗೆ ಸಮಾಧಾನ ಹೇಳಲು ಹೋಗಲಿಲ್ಲ. ಯಾವುದಕ್ಕೆ ಭಯ ಎಂದು ಒಂದೊಂದಾಗಿ ಹೆಸರಿಟ್ಟು ಹೇಳಿ ಎಂದರು. ಹೇಳುತ್ತಾ ಹೋದಂತೆ, ನನ್ನ ಅತಿ ದೊಡ್ಡ ಭಯ ಕಾಯಿಲೆಯದ್ದಲ್ಲ, ಅದು ಬಂದ ರಾತ್ರಿ ನಾವು ಊರಿನಲ್ಲಿ ದಿಕ್ಕು ತೋಚದೆ ಕುಳಿತುಬಿಡುತ್ತೇವೆ ಎಂಬುದು ಎಂದು ನನಗೇ ಗೊತ್ತಾಯಿತು.

ಅಲ್ಲಿಯೇ ಕುಳಿತು ಯೋಜನೆ ಬರೆದೆವು. ಹೊಟ್ಟೆ ಒಂದೆರಡು ದಿನದಲ್ಲೇ ಬಿಗಿದು ದೊಡ್ಡದಾದರೆ, ಉಸಿರಾಡಲು ಕಷ್ಟವಾದರೆ, ನೀರು ಹೋದರೆ, ರಕ್ತ ಕಂಡರೆ, ಮಕ್ಕಳ ಮಿಸುಕಾಟ ಕಡಿಮೆಯಾದರೆ ಮುಂದಿನ ತಾರೀಖಿಗೆ ಕಾಯದೆ ಹೊರಡುವುದು. ಕಾಯಿಲೆ ಗೊತ್ತಾಗಿ, ಅದರ ಹಂತ ನೋಡಿ ಅಗತ್ಯವೆನಿಸಿದರೆ ಬೆಂಗಳೂರಿಗೆ ಕಳಿಸುತ್ತಾರೆ. ಅಲ್ಲಿ ಕೆಲವೇ ಮಿಲಿಮೀಟರ್ ದಪ್ಪದ, ಒಳಗಿನದನ್ನು ತೋರಿಸುವ ನಳಿಕೆಯನ್ನು ಗರ್ಭದೊಳಗೆ ತೂರಿಸಿ, ಮಾಸಿನ ಮೇಲೆ ಕೂಡಿಕೊಂಡ ನಾಳಗಳನ್ನು ಲೇಸರಿನಿಂದ ಮುಚ್ಚುತ್ತಾರೆ; ಅದನ್ನು ಸಾಮಾನ್ಯವಾಗಿ 16ರಿಂದ 26 ವಾರದೊಳಗೆ ಮಾಡುತ್ತಾರೆ. ಯಾರ ಕಾರು, ದುಡ್ಡು ಎಲ್ಲಿಂದ, ಜೊತೆಗೆ ಯಾರು, ತಾಯಿ ಕಾರ್ಡು ಮತ್ತು ವರದಿಗಳೆಲ್ಲ ಯಾವ ಚೀಲದಲ್ಲಿ ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ನಮ್ಮವರ ಜೇಬಿಗೆ ಇಟ್ಟರು. ರಾತ್ರಿ ಹೊತ್ತು ಮನಸ್ಸು ಕೈಮೀರಿದರೆ ಎಂದು ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನೂ ಕೊಟ್ಟರು. ಒಂದು ಸಲ ನಾನು ಅದಕ್ಕೆ ಕರೆ ಮಾಡಿದ್ದುಂಟು. ಆ ಕಡೆಯಿಂದ ಕನ್ನಡದಲ್ಲೇ ಮಾತಾಡಿದರು, ನಾನು ಅತ್ತು ಮುಗಿಸುವವರೆಗೆ ಕೇಳಿಸಿಕೊಂಡರು. ಮರುವಾರ ಅಳತೆ 5.4 ಮತ್ತು 3.3 ಬಂತು. ಮುಂದೆ ಆ ಅಂತರ ಹೆಚ್ಚಲೇ ಇಲ್ಲ.

ಕೇಂದ್ರದ ಬಗ್ಗೆ ನನಗೆ ನೋವಿರುವ ಸಂಗತಿಯನ್ನೂ ಹೇಳಬೇಕು. 24ನೇ ವಾರದಲ್ಲಿ ವೈದ್ಯೆ ರಜೆಯಲ್ಲಿದ್ದರು. ಅಂದು ಸ್ಕ್ಯಾನಿಂಗ್ ಮಾಡಿದವರು ಪರದೆ ನೋಡುತ್ತಲೇ "ಒಂದು ಸಣ್ಣದು" ಎಂದು ಪಕ್ಕದವರಿಗೆ ಹೇಳಿ, ನಾನು ಕೇಳಿದಾಗ ಮೇಡಂ ಬಂದ ಮೇಲೆ ಕೇಳಿ ಎಂದು ಹೊರಟುಹೋದರು. ನಾಲ್ಕು ದಿನ ನಾನು ಆ ಎರಡು ಪದಗಳ ಜೊತೆ ಬದುಕಿದೆ. ಮೇಡಂ ಬಂದ ಮೇಲೆ ಲೆಕ್ಕ ಬಿಡಿಸಿದರು: ದೊಡ್ಡದು 640 ಗ್ರಾಂ, ಸಣ್ಣದು 520 ಗ್ರಾಂ, ಅಂತರ ಶೇಕಡಾ 19ರಷ್ಟು, 20 ದಾಟಿದರೆ ವಾರಕ್ಕೊಮ್ಮೆ ನೋಡುತ್ತೇವೆ, 25 ಮುಟ್ಟಿದರೆ ಇನ್ನೂ ದೊಡ್ಡ ಕಡೆ ಅಭಿಪ್ರಾಯ ಕೇಳುತ್ತೇವೆ. ಇಷ್ಟನ್ನು ಅಂದೇ ಹೇಳಿದ್ದರೆ ನಾನು ಆ ನಾಲ್ಕು ರಾತ್ರಿ ನಿದ್ದೆ ಮಾಡುತ್ತಿದ್ದೆ. ಅಂಗಾತ ಮಲಗಿರುವ ಗರ್ಭಿಣಿಯ ಕಿವಿಗೆ ಕೋಣೆಯ ಪ್ರತಿ ಮಾತೂ ಬೀಳುತ್ತದೆ ಎಂಬುದನ್ನು ಅಲ್ಲಿ ಕೆಲಸ ಮಾಡುವ ಎಲ್ಲರಿಗೂ ಕಲಿಸಲೇಬೇಕು. 26ನೇ ವಾರದಲ್ಲಿ 860 ಮತ್ತು 680 ಬಂದು ಅಂತರ 20 ದಾಟಿತು. ಅಲ್ಲಿಂದ ವಾರ ವಾರವೂ ಬಂದೆ. ಅಳತೆ ಯಾಕೆ ಮಾಡುತ್ತಾರೆಂದು ಗೊತ್ತಿದ್ದುದರಿಂದ, ಭಯ ಇದ್ದರೂ ದಾರಿ ತಪ್ಪಲಿಲ್ಲ.

ಕಾಯುವಿಕೆ ಬಹಳ. ಹತ್ತೂವರೆಗೆ ಸಮಯ ಕೊಟ್ಟು ಒಂದು ಗಂಟೆಗೆ ಕರೆದ ದಿನಗಳಿವೆ. ಊಟದ ಡಬ್ಬಿ ತರುವುದು ಒಳ್ಳೆಯದು. ಪ್ರತಿ ಭೇಟಿಗೆ ನನ್ನಿಂದ 1,800 ರೂಪಾಯಿ ತೆಗೆದುಕೊಂಡರು. ಇಷ್ಟು ಸಲ ಬರಬೇಕಾದವರಿಗೆ ಇದು ಸಣ್ಣ ಮೊತ್ತವಲ್ಲ, ಅವಳಿ ಗರ್ಭಕ್ಕೆ ಒಟ್ಟು ಸೇರಿಸಿ ಒಂದು ದರ ಮಾಡಬಹುದು. ವರದಿ ಪೂರ್ತಿ ಇಂಗ್ಲಿಷಿನಲ್ಲಿದೆ. ಕೊನೆಯಲ್ಲಿ ಕನ್ನಡದ ನಾಲ್ಕು ಸಾಲು ಬರೆದರೆ ಮನೆಯಲ್ಲಿ ಕಾಯುವವರೂ ಓದಿಕೊಳ್ಳುತ್ತಾರೆ. ಗಂಡೋ ಹೆಣ್ಣೋ ಎಂದು ಇಲ್ಲಿ ಕೇಳಬೇಡಿ, 1994ರ ಕಾಯ್ದೆಯ ಫಲಕ ಬಾಗಿಲಲ್ಲೇ ಇದೆ, ಅವರು ಹೇಳುವುದೂ ಇಲ್ಲ.

ಇಲ್ಲಿನವರು ಮನೆಯವರನ್ನು ಒಳಗೆ ಬಿಡುವುದು ನನಗೆ ಬಹಳ ಮೆಚ್ಚುಗೆಯಾಯಿತು. ಏಳನೇ ತಿಂಗಳಲ್ಲಿ ಕುಬಸ ಮಾಡಬೇಕೋ ಬೇಡವೋ ಎಂದು ಮನೆಯಲ್ಲಿ ಚರ್ಚೆಯಾಗುತ್ತಿದ್ದಾಗ ಅತ್ತೆಯವರನ್ನು ಕರೆದುಕೊಂಡು ಬಂದೆ. ವೈದ್ಯೆ ಅವರನ್ನು ಪರದೆಯ ಹತ್ತಿರ ಕೂರಿಸಿ, ಎರಡು ಹೃದಯಗಳ ಬಡಿತವನ್ನು ಒಂದಾದ ಮೇಲೊಂದು ಕೇಳಿಸಿದರು. ಅಲ್ಲಿಯವರೆಗೆ ನನ್ನ ಓಡಾಟವನ್ನು ಅತಿಯಾಯಿತು ಎನ್ನುತ್ತಿದ್ದ ಅತ್ತೆಯವರು, ಹೊರಗೆ ಬಂದು ಸೆರಗಿನಿಂದ ಕಣ್ಣೊರೆಸಿಕೊಂಡು, ಮುಂದಿನ ವಾರ ನಾನೇ ಬರ್ತೀನಿ ಎಂದರು. ಕುಬಸವನ್ನು ಮನೆಯೊಳಗೇ, ಐದು ಜನ ಮುತ್ತೈದೆಯರನ್ನು ಕರೆದು ಮುಗಿಸಿದೆವು.

32ನೇ ವಾರದ ಒಂದು ಭಾನುವಾರ ಹೊಟ್ಟೆ ಬಿಗಿಯತೊಡಗಿದಾಗ ಕೇಂದ್ರದ ಸಂಖ್ಯೆಗೆ ಆರು ಸಲ ಕರೆ ಮಾಡಿದೆವು, ಯಾರೂ ಎತ್ತಲಿಲ್ಲ. ಜೇಬಿನ ಹಾಳೆ ಇದ್ದುದರಿಂದ ನೇರವಾಗಿ ಹೆರಿಗೆ ಆಸ್ಪತ್ರೆಗೆ ಹೊರಟೆವು. ಅದು ಸುಳ್ಳು ನೋವು ಎಂದು ಎರಡು ಗಂಟೆಯಲ್ಲಿ ತಿಳಿಯಿತು. ತುರ್ತು ಕರೆ ಮಾಡಿ ಎಂದು ಚೀಟಿಯಲ್ಲಿ ಅಚ್ಚು ಹಾಕಿಸಿದ ಮೇಲೆ ಆ ಫೋನಿನ ಬಳಿ ಒಬ್ಬರು ಇರಬೇಕು.

ಹೆರಿಗೆಯನ್ನು 36 ವಾರಕ್ಕೆ ಎಂದುಕೊಂಡಿದ್ದರು. ಸಣ್ಣ ಮಗುವಿನ ಬಳ್ಳಿಯ ಹರಿವಿನಲ್ಲಿ ವ್ಯತ್ಯಾಸ ಕಂಡು ನನ್ನ ರಕ್ತದೊತ್ತಡವೂ ಏರಿದ್ದರಿಂದ 35 ವಾರ 4 ದಿನಕ್ಕೆ ಸಿಸೇರಿಯನ್ ಆಯಿತು. 2 ಕೆ.ಜಿ. 100 ಗ್ರಾಂ, 1 ಕೆ.ಜಿ. 700 ಗ್ರಾಂ. ಸಣ್ಣವಳು ಒಂಬತ್ತು ದಿನ ನವಜಾತ ಶಿಶುಗಳ ಘಟಕದಲ್ಲಿದ್ದಳು, ನಂತರ ಎದೆಗೆ ಅಪ್ಪಿಕೊಂಡೇ ಬೆಳೆಸಿದೆವು. ಈಗ ಇಬ್ಬರಿಗೂ ನಾಲ್ಕು ತಿಂಗಳು. ನೋಟ್‌ಬುಕ್ಕು ಮುಂದುವರಿದಿದೆ; ಎಡಪುಟಕ್ಕೆ ಅಕ್ಕನ ತೂಕ, ಬಲಪುಟಕ್ಕೆ ತಂಗಿಯ ತೂಕ.

ಐದರಲ್ಲಿ ನಾಲ್ಕು ಅಂಕ ಕೊಟ್ಟಿದ್ದೇನೆ. ಭಾನುವಾರ ಫೋನ್ ಎತ್ತುವಂತಾದರೆ ಐದನೆಯದನ್ನೂ ಸಂತೋಷದಿಂದ ಸೇರಿಸುತ್ತೇನೆ.