ಸಹಪಾಠಿಯ ನಂಬರಿನಿಂದ ದುಡ್ಡು ಕೇಳಿ ಮೆಸೇಜ್ ಬಂದರೆ: ಬ್ಯಾಚ್ ಗ್ರೂಪ್ ಇರುವವರು ದಯವಿಟ್ಟು ಓದಿ

ಮಂಗಳೂರಿನ ಕಾಲೇಜೊಂದರ 1998ರ ಬಿ.ಕಾಂ. ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಮೂವರು ಸೇರಿ 1,23,000 ರೂಪಾಯಿ ಕಳೆದುಕೊಂಡಿದ್ದಾರೆ. ಅವರಲ್ಲಿ ಒಬ್ಬರು ಇಪ್ಪತ್ತು ವರ್ಷ ಬ್ಯಾಂಕಿನಲ್ಲಿ ದುಡಿದವರು. ಇದನ್ನು ಆ ಗ್ರೂಪಿನ ಅಡ್ಮಿನ್‌ಗಳು ಸೇರಿ ಬರೆಯುತ್ತಿದ್ದೇವೆ. ಮಂಗಳೂರು, ಉಡುಪಿಯ ಯಾವ ಬ್ಯಾಚ್ ಗ್ರೂಪ್ ನೋಡಿದರೂ ಸುದ್ದಿ ಒಂದೇ ತರಹದ್ದು. ಒಬ್ಬ ದುಬೈಯಿಂದ ಮರಳಿ ಬಂದ, ಇನ್ನೊಬ್ಬಳ ಮಗನಿಗೆ ಮೆಡಿಕಲ್ ಸೀಟು ಸಿಕ್ಕಿತು, ಮತ್ತೊಬ್ಬನ ತಂದೆ ತೀರಿಕೊಂಡರು. 2019 ಮತ್ತು 2020ರ ವಿಲೀನಗಳಲ್ಲಿ ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕುಗಳು ಹೋದ ಮೇಲೆ ಯಾರು ಯಾವ ಊರಿಗೆ ವರ್ಗವಾದರು ಎಂಬುದೂ ಅಲ್ಲೇ ಗೊತ್ತಾಗುವುದು. ಪ್ರೀತಿಯಿಂದ ಹಂಚಿಕೊಂಡ ಈ ಸುದ್ದಿಗಳನ್ನೇ ಹಿಡಿದು ಮೋಸ ಮಾಡಿದ್ದಾರೆ.

ನಡೆದದ್ದು ಹೀಗೆ. ಸೌದಿಯ ದಮ್ಮಾಮಿನಲ್ಲಿರುವ ಸಹಪಾಠಿಯ ನಂಬರಿನಿಂದ ಬೆಳಿಗ್ಗೆ 7 ಗಂಟೆಗೆ ಹನ್ನೊಂದು ಮಂದಿಗೆ ಬೇರೆಬೇರೆಯಾಗಿ ಮೆಸೇಜ್ ಬಂತು. ಹೆಂಡತಿಯನ್ನು ರಾತ್ರಿ ಮಂಗಳೂರಿನಲ್ಲಿ ಆಸ್ಪತ್ರೆಗೆ ಸೇರಿಸಿದ್ದಾರೆ, ತುರ್ತು ಆಪರೇಶನ್ ಆಗಬೇಕು, ಇಲ್ಲಿಂದ ಯುಪಿಐ ಹೋಗುತ್ತಿಲ್ಲ, 48,000 ಹಾಕು, ಸಂಜೆ ವಾಪಸ್ ಕೊಡುತ್ತೇನೆ. ಹೆಂಡತಿಯ ಹೆಸರು ಸರಿಯಿತ್ತು. ಮನೆ ಸುರತ್ಕಲ್ ಹತ್ತಿರ ಎಂಬುದು ಸರಿಯಿತ್ತು. ಮಗಳು ಎರಡನೇ ಪಿಯುಸಿ ಎಂಬುದೂ ಸರಿಯಿತ್ತು. ಇಷ್ಟೆಲ್ಲ ಸರಿ ಇರುವಾಗ ಅನುಮಾನ ಯಾರಿಗೆ ಬರುತ್ತದೆ? ಒಬ್ಬರು 48,000 ಹಾಕಿದರು, ಇನ್ನೊಬ್ಬರು 45,000, ಕೈಯಲ್ಲಿ ಅಷ್ಟಿಲ್ಲ ಎಂದವರು 30,000.

ದಮ್ಮಾಮಿನ ಸಹಪಾಠಿಯ ವಾಟ್ಸಾಪ್ ಖಾತೆ ಕಳ್ಳರ ಕೈಗೆ ಹೋದದ್ದು ಹಿಂದಿನ ರಾತ್ರಿ. ಆಗಲೇ ಕಳ್ಳರ ವಶವಾಗಿದ್ದ ಮತ್ತೊಬ್ಬ ಸಹಪಾಠಿಯ ನಂಬರಿನಿಂದ, "ಪುನರ್ಮಿಲನದ ಮೀಟಿಂಗಿಗೆ ನಿನ್ನನ್ನು ಸೇರಿಸುತ್ತಿದ್ದೇನೆ, ನಿನಗೊಂದು ಆರಂಕಿಯ ಕೋಡ್ ಬಂದಿರಬೇಕು, ಕಳಿಸು" ಎಂದು ಕೇಳಿದ್ದರು. ಅದು ಮೀಟಿಂಗಿನ ಕೋಡ್ ಅಲ್ಲ. ಬೇರೆ ಫೋನಿನಲ್ಲಿ ಅವರ ನಂಬರ್ ಹಾಕಿ ವಾಟ್ಸಾಪ್ ತೆರೆಯಲು ಎಸ್ಸೆಮ್ಮೆಸ್ಸಿನಲ್ಲಿ ಬರುವ ನೋಂದಣಿ ಕೋಡ್. ಕೊಟ್ಟ ತಕ್ಷಣ ಇವರ ಫೋನಿನಿಂದ ವಾಟ್ಸಾಪ್ ಹೊರಬಿತ್ತು. ರಾತ್ರಿಯಾಗಿತ್ತು, ನೆಟ್‌ವರ್ಕ್ ತೊಂದರೆಯೆಂದು ಅವರು ಮಲಗಿದರು.

ಹೀಗೆ ಖಾತೆ ಕದ್ದವನಿಗೆ ಹಳೆಯ ಚಾಟ್‌ಗಳು ಸಿಗುವುದಿಲ್ಲ. ಆದರೆ ಗ್ರೂಪುಗಳು, ಅವುಗಳ ಸದಸ್ಯರ ನಂಬರುಗಳು, ಗ್ರೂಪಿನ ಡಿಸ್ಕ್ರಿಪ್ಶನ್ ಎಲ್ಲ ಕಾಣುತ್ತವೆ. ನಮ್ಮ ತಪ್ಪು ಇದ್ದದ್ದು ಅಲ್ಲೇ. ಬ್ಯಾಚ್ ಡೈರೆಕ್ಟರಿ ಎಂದು ಮಾಡಿದ ಗೂಗಲ್ ಶೀಟಿನ ಲಿಂಕನ್ನು ಡಿಸ್ಕ್ರಿಪ್ಶನ್‌ನಲ್ಲಿ ಅಂಟಿಸಿಟ್ಟಿದ್ದೆವು. ಲಿಂಕ್ ಇದ್ದವರು ಯಾರು ಬೇಕಾದರೂ ತೆರೆಯಬಹುದಿತ್ತು. ಅದರಲ್ಲಿ ಕೆಲಸ, ಕಂಪನಿ, ಮನೆ ವಿಳಾಸ, ಜನ್ಮದಿನ, ರಕ್ತದ ಗುಂಪು, ಗಂಡ ಅಥವಾ ಹೆಂಡತಿಯ ಹೆಸರು, ಮದುವೆಯ ತಾರೀಕು, ಮಕ್ಕಳ ಓದು ಎಲ್ಲ ಇತ್ತು. ಯಾರ ಹೆಂಡತಿ ಊರಿನಲ್ಲಿದ್ದಾಳೆ, ಗಂಡ ಗಲ್ಫಿನಲ್ಲಿದ್ದಾನೆ ಎಂದು ಕಳ್ಳ ಒಂದು ಸಾಲು ಓದಿದರೆ ಸಾಕಿತ್ತು.

ಪತ್ತೆ ಹಚ್ಚಲು ಇದಕ್ಕಿಂತ ಕಷ್ಟವಾದ ಇನ್ನೊಂದು ದಾರಿಯೂ ಇದೆ, ಲಿಂಕ್ಡ್ ಡಿವೈಸಸ್. ಯಾರೋ ಕಳಿಸಿದ ಕ್ಯೂಆರ್ ಸ್ಕ್ಯಾನ್ ಮಾಡಿದರೆ, ಅಥವಾ ಅವರು ಹೇಳಿದ ಎಂಟಕ್ಷರದ ಕೋಡನ್ನು ನಿಮ್ಮ ವಾಟ್ಸಾಪಿನಲ್ಲಿ ಹಾಕಿದರೆ, ಅವರ ಕಂಪ್ಯೂಟರ್ ನಿಮ್ಮ ಖಾತೆಗೆ ಜೋಡಣೆಯಾಗುತ್ತದೆ. ಇದರಲ್ಲಿ ಇತ್ತೀಚಿನ ಚಾಟ್‌ಗಳೂ ಅವರಿಗೆ ಹೋಗುತ್ತವೆ. ನಿಮ್ಮ ಫೋನ್ ಮಾಮೂಲಿನಂತೆ ನಡೆಯುವುದರಿಂದ ನಿಮಗೆ ಗೊತ್ತೇ ಆಗುವುದಿಲ್ಲ. ವಾಟ್ಸಾಪಿನ ಲಿಂಕ್ಡ್ ಡಿವೈಸಸ್ ತೆರೆದು ಈಗಲೇ ನೋಡಿ. ನಿಮ್ಮದಲ್ಲದ ಕಂಪ್ಯೂಟರ್ ಕಂಡರೆ ಅದನ್ನು ಮುಟ್ಟಿ ಲಾಗ್ ಔಟ್ ಮಾಡಿ.

ಗುರುತಿಸಬಹುದಾಗಿದ್ದ ಸಂಗತಿಗಳು ಮೂರು ನಾಲ್ಕಿದ್ದವು. ಇಲ್ಲಿ 7 ಗಂಟೆಯೆಂದರೆ ದಮ್ಮಾಮಿನಲ್ಲಿ ಬೆಳಗಿನ ಜಾವ ನಾಲ್ಕೂವರೆ. ಯಾವಾಗಲೂ "ಎಂಚ ಉಲ್ಲ ಮಾರಾಯ" ಎಂದು ಕನ್ನಡ ಲಿಪಿಯಲ್ಲಿ ತುಳು ಬರೆಯುತ್ತಿದ್ದವರು ಅಂದು ಇಂಗ್ಲಿಷಿನಲ್ಲಿ "ಡಿಯರ್" ಎಂದು ಶುರು ಮಾಡಿದ್ದರು. ಒಬ್ಬರು ತುಳುವಿನಲ್ಲೇ ಕೇಳಿದ್ದಕ್ಕೆ ಉತ್ತರ ಮತ್ತೆ ಇಂಗ್ಲಿಷಿನಲ್ಲೇ ಬಂತು. ವಾಟ್ಸಾಪ್ ಕಾಲ್ ಮಾಡಿದರೆ ಕಟ್ ಮಾಡಿ, ಐಸಿಯು ವೈದ್ಯರ ಜೊತೆ ಮಾತಾಡುತ್ತಿದ್ದೇನೆ ಎಂದು ಬರೆದರು. ಎಲ್ಲಕ್ಕಿಂತ ದೊಡ್ಡದು ದುಡ್ಡು ಕಳಿಸುವಾಗಿನದ್ದು. ಯುಪಿಐ ಐಡಿ ಹಾಕಿದ ಕೂಡಲೇ ಖಾತೆದಾರನ ಹೆಸರು ಪರದೆಯ ಮೇಲೆ ಬರುತ್ತದೆ. ಬಂದದ್ದು ಯಾರಿಗೂ ಗೊತ್ತಿಲ್ಲದ ಹೆಸರು. ಕೇಳಿದ್ದಕ್ಕೆ "ಆಸ್ಪತ್ರೆಯ ಕ್ಯಾಷಿಯರ್" ಎಂದರು. ಆಸ್ಪತ್ರೆಯ ಬಿಲ್ ಕ್ಯಾಷಿಯರನ ಸ್ವಂತ ಖಾತೆಗೆ ಹೋಗುವುದಿಲ್ಲ. ಅದು ರೋಗಿಯ ನೋಂದಣಿ ನಂಬರಿನ ಲೆಕ್ಕಕ್ಕೆ, ಆಸ್ಪತ್ರೆಯ ಹೆಸರಿನ ಖಾತೆಗೆ ಹೋಗುತ್ತದೆ, ರಸೀದಿ ಬರುತ್ತದೆ.

ಇಷ್ಟು ಕಂಡರೂ ಮೂವರೂ ಸುರತ್ಕಲಿನ ಮನೆಗೆ ಫೋನ್ ಮಾಡಲಿಲ್ಲ. ಹೆಂಡತಿ ಆಪರೇಶನ್ ಕೋಣೆಯಲ್ಲಿರುವಾಗ ನಂಬಿಕೆ ಪರೀಕ್ಷಿಸಿದಂತಾಗುತ್ತದೆ, ಅವನಿಗೆ ಬೇಸರವಾದೀತು ಎಂದು ಸಂಕೋಚಪಟ್ಟರು. ಕಳ್ಳನಿಗೆ ಬೇಕಾದದ್ದೇ ಈ ಸಂಕೋಚ. ಕಾಯಿಲೆಯ ಸುದ್ದಿ ಬಂದಾಗ ಮನೆಯವರಿಗೆ ಫೋನ್ ಮಾಡುವುದು ನಮ್ಮೂರಿನ ಮರ್ಯಾದೆಯೇ ಹೊರತು ಅಪನಂಬಿಕೆಯಲ್ಲ. ಅವತ್ತು ಮಾಡಿದ್ದರೆ ಫೋನ್ ಎತ್ತುತ್ತಿದ್ದದ್ದು ಅವರ ಹೆಂಡತಿಯೇ.

ಅಡ್ಮಿನ್‌ಗಳಾದ ನಾವೂ ಒಂದು ತಪ್ಪು ಮಾಡಿದೆವು. ವಿಷಯ ತಿಳಿದ ಕೂಡಲೇ ಗ್ರೂಪಿನಲ್ಲಿ ಎಚ್ಚರಿಕೆ ಹಾಕಿದೆವು, ಕದ್ದ ನಂಬರನ್ನು ಮಾತ್ರ ತೆಗೆಯಲಿಲ್ಲ. ಕಳ್ಳ ಅದನ್ನು ಓದಿ, "ಹ್ಯಾಕ್ ಆದದ್ದು ನನ್ನ ಇನ್ನೊಂದು ನಂಬರ್, ಇದು ನಾನೇ" ಎಂದು ಬರೆದ. 30,000 ಹೋದದ್ದು ಅದಾದ ಮೇಲೆ. ಮೊದಲು ನಂಬರನ್ನು ಗ್ರೂಪಿನಿಂದ ತೆಗೆಯಬೇಕು, ಆಮೇಲೆ ಎಚ್ಚರಿಕೆ ಹಾಕಬೇಕು.

ಹಣ ಹೋದರೆ ಮೊದಲ ಕೆಲಸ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ. ಬ್ಯಾಂಕ್ ಶಾಖೆ ತೆರೆಯುವವರೆಗೆ ಕಾಯಬೇಡಿ. ನಿಮ್ಮ ಖಾತೆ ನಂಬರ್, ಹೋದ ಮೊತ್ತ, ತಾರೀಕು, ಸಮಯ, ಎದುರಿನವನ ಯುಪಿಐ ಐಡಿ, ವಹಿವಾಟಿನ ಹನ್ನೆರಡಂಕಿಯ ಗುರುತಿನ ಸಂಖ್ಯೆ (ಯುಟಿಆರ್) ಕೈಯಲ್ಲಿಟ್ಟುಕೊಂಡೇ ಕರೆ ಮಾಡಿ. ಯುಪಿಐ ಆ್ಯಪಿನ ಹಿಸ್ಟರಿಯಲ್ಲಿ ಆ ವಹಿವಾಟನ್ನು ಮುಟ್ಟಿದರೆ ಯುಟಿಆರ್ ಕಾಣುತ್ತದೆ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲೂ ದೂರು ದಾಖಲಿಸಿ, ಸ್ವೀಕೃತಿ ಸಂಖ್ಯೆ ಬರೆದಿಟ್ಟುಕೊಂಡು ಮಂಗಳೂರು ಅಥವಾ ಉಡುಪಿಯ ಸೆನ್ (ಸೈಬರ್, ಆರ್ಥಿಕ, ಮಾದಕ ಅಪರಾಧಗಳ) ಪೊಲೀಸ್ ಠಾಣೆಗೆ ಹೋಗಿ. ಮೆಸೇಜ್‌ಗಳ ಸ್ಕ್ರೀನ್‌ಶಾಟನ್ನು ನಂಬರ್ ಕಾಣುವಂತೆ ಮೊದಲೇ ತೆಗೆದಿಡಿ, ಏಕೆಂದರೆ ಕಳ್ಳ ಎಲ್ಲವನ್ನೂ ಅಳಿಸಿಬಿಡಬಹುದು. ಬ್ಯಾಂಕ್ ಹಣ ತುಂಬಿಕೊಡುತ್ತದೆ ಎಂದು ನಂಬಿ ಕೂರಬೇಡಿ. ಪಿನ್ ಒತ್ತಿ ನೀವೇ ಕಳಿಸಿದ ಹಣಕ್ಕೆ ಸಾಮಾನ್ಯವಾಗಿ ಬ್ಯಾಂಕ್ ಹೊಣೆಯಾಗುವುದಿಲ್ಲ.

ವಾಟ್ಸಾಪ್ ಖಾತೆ ಕಳೆದುಕೊಂಡವರು ತಮ್ಮ ಫೋನಿನಲ್ಲಿ ಮತ್ತೆ ನಂಬರ್ ಹಾಕಿ ಹೊಸ ಕೋಡ್ ತರಿಸಿ ತೆರೆಯಬೇಕು. ಆಗ ಕಳ್ಳ ಹೊರಬೀಳುತ್ತಾನೆ. ಅಷ್ಟರಲ್ಲಿ ಅವನು ತನ್ನದೊಂದು ಪಿನ್ ಹಾಕಿದ್ದರೆ ನಿಮಗೆ 7 ದಿನ ಕಾಯಬೇಕಾಗುತ್ತದೆ, ಆದರೂ ಅವನ ಕೈಯಿಂದ ಖಾತೆ ತಪ್ಪಿರುತ್ತದೆ. ಸೆಟ್ಟಿಂಗ್ಸ್, ಅಕೌಂಟ್, ಟು-ಸ್ಟೆಪ್ ವೆರಿಫಿಕೇಶನ್‌ಗೆ ಹೋಗಿ ಆರಂಕಿಯ ಪಿನ್ ಮತ್ತು ಇಮೇಲ್ ಮೊದಲೇ ಹಾಕಿಟ್ಟಿದ್ದರೆ, ಎಸ್ಸೆಮ್ಮೆಸ್ ಕೋಡ್ ಒಂದರಿಂದಲೇ ಖಾತೆ ಕದಿಯಲಾಗುತ್ತಿರಲಿಲ್ಲ.

ಗಲ್ಫಿನಲ್ಲಿರುವವರಿಗೆ ಒಂದು ಮಾತು. ಊರಿನ ನಂಬರಿನಲ್ಲೇ ವಾಟ್ಸಾಪ್ ಇಟ್ಟುಕೊಂಡು ಸಿಮ್ಮಿಗೆ ರೀಚಾರ್ಜ್ ಮಾಡದೆ ಬಿಟ್ಟವರು ಬಹಳ ಮಂದಿ ಇದ್ದಾರೆ. 90 ದಿನ ಬಳಸದ ಸಿಮ್ ರದ್ದಾಗಬಹುದು, ಆ ನಂಬರ್ ಮುಂದೆ ಬೇರೊಬ್ಬರಿಗೆ ಹೋಗುತ್ತದೆ. ಆಮೇಲೆ ನಿಮ್ಮ ಕೋಡ್ ಬರುವುದು ಅವರ ಫೋನಿಗೆ. ಸಿಮ್ ಜೀವಂತ ಇಡಿ, ಇಲ್ಲವೇ ಸೆಟ್ಟಿಂಗ್ಸಿನ ಚೇಂಜ್ ನಂಬರ್ ಬಳಸಿ ಅಲ್ಲಿಯ ನಂಬರಿಗೆ ಬದಲಿಸಿಕೊಳ್ಳಿ.

ಈ ವಯಸ್ಸಿನ ಗ್ರೂಪುಗಳಲ್ಲಿ ಮಕ್ಕಳ ಮದುವೆ, ಮೆಹೆಂದಿಯ ಆಮಂತ್ರಣಗಳು ಬರಲು ಶುರುವಾಗುತ್ತವೆ. ಆಮಂತ್ರಣ ಚಿತ್ರವಾಗಿ, ಪಿಡಿಎಫ್ ಆಗಿ, ವಿಡಿಯೋ ಆಗಿ ಬರಬಹುದು. ಫೈಲಿನ ಹೆಸರಿನ ಕೊನೆಗೆ ಡಾಟ್ ಎಪಿಕೆ ಎಂದಿದ್ದರೆ ಅದು ಆಮಂತ್ರಣವಲ್ಲ, ಆ್ಯಪ್. ಇನ್‌ಸ್ಟಾಲ್ ಆಗಿ ಎಸ್ಸೆಮ್ಮೆಸ್ ಓದುವ ಅನುಮತಿ ಪಡೆದರೆ ನಿಮ್ಮ ಒಟಿಪಿಗಳು ಅವರ ಕೈಗೆ ಹೋಗುತ್ತವೆ. ಅಪ್ಪಿತಪ್ಪಿ ಹಾಕಿಕೊಂಡರೆ ಏರೋಪ್ಲೇನ್ ಮೋಡ್ ಒತ್ತಿ, ಆ್ಯಪ್ ತೆಗೆದುಹಾಕಿ, ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ. ಉತ್ತರಕ್ರಿಯೆಯ ಕಾಗದ ಹಾಕುವಾಗಲೂ ಮನೆಯ ಪೂರ್ತಿ ವಿಳಾಸ ಬೇಡ. ಹಾಲ್‌ನಲ್ಲಿ ಊಟವಿದ್ದರೆ ಆ ಹೊತ್ತಿಗೆ ಮನೆ ಖಾಲಿ ಎಂದು ಹೇಳಿದಂತಾಗುತ್ತದೆ.

ನಮ್ಮ ಶೀಟಿನಲ್ಲಿ ಈಗ ಹೆಸರು, ಊರು, ಕೆಲಸದ ಕ್ಷೇತ್ರ ಮೂರೇ ಕಾಲಂ ಉಳಿದಿವೆ. ಹಂಚಿಕೆಯನ್ನು ರಿಸ್ಟ್ರಿಕ್ಟೆಡ್, ಅಂದರೆ ನಾವು ಸೇರಿಸಿದವರಷ್ಟೇ ತೆರೆಯುವಂತೆ, ಮಾಡಿದ್ದೇವೆ. ಲಿಂಕನ್ನು ಡಿಸ್ಕ್ರಿಪ್ಶನ್‌ನಿಂದ ತೆಗೆದು, ಗ್ರೂಪಿನ ಇನ್ವೈಟ್ ಲಿಂಕನ್ನು ರೀಸೆಟ್ ಮಾಡಿ, ಹೊಸಬರನ್ನು ಅಡ್ಮಿನ್ ಒಪ್ಪಿದ ಮೇಲಷ್ಟೇ ಸೇರಿಸುವಂತೆ ಇಟ್ಟಿದ್ದೇವೆ. ಹಳೆಯ ಶೀಟಿನ ನಕಲು ಯಾರ ಕೈಯಲ್ಲಿದೆಯೋ ಅದನ್ನು ಹಿಂದಕ್ಕೆ ಪಡೆಯುವ ದಾರಿಯಿಲ್ಲ.

ಮೂವರಲ್ಲಿ 48,000 ಕಳಿಸಿದವರು ಇಪ್ಪತ್ತು ನಿಮಿಷದೊಳಗೆ 1930ಕ್ಕೆ ಕರೆ ಮಾಡಿದ್ದರು. ಅವರ ಹಣ ಎರಡನೇ ಖಾತೆಗೆ ಹೋಗಿ ಅಲ್ಲಿ ತಡೆಯಾಗಿದೆ. ಅದೂ ತಾನಾಗಿ ವಾಪಸ್ ಬರುವುದಿಲ್ಲ. ದೂರಿನ ಸಂಖ್ಯೆ ಹಿಡಿದು, ಠಾಣೆಯವರ ಮೂಲಕ ಕೋರ್ಟಿನಲ್ಲಿ ಅರ್ಜಿ ಹಾಕಿದ್ದಾರೆ. ಉಳಿದಿಬ್ಬರು ನಾಚಿಕೆಯಿಂದ ಒಂದು ದಿನ ಯಾರಿಗೂ ಹೇಳಲಿಲ್ಲ. ಅವರ 75,000 ಅಷ್ಟರಲ್ಲಿ ಎಟಿಎಮ್ಮಿನಿಂದ ಹೊರಹೋಗಿತ್ತು.