ಚೇಳಿಗೆ ಸ್ಪ್ರೇ, ಅಂಟಿನ ಹಾಳೆ, ಯುವಿ ಟಾರ್ಚ್, ರಬ್ಬರ್ ಪಟ್ಟಿ: ನಾನು ಮಾಡಿ ನೋಡಿದ್ದು

ಮಗಳು ಶೂ ಹಾಕಿಕೊಳ್ಳಲು ಕಾಲು ಎತ್ತಿದ್ದಳು. ಒಳಗೆ ಚೇಳಿತ್ತು. ಸದ್ಯ, ಕೊಂಡಿ ಆಡಿದ್ದು ಅವಳ ಕಣ್ಣಿಗೆ ಬಿತ್ತು. ಅವತ್ತಿನಿಂದ ಶುರು ಮಾಡಿ ಸಿಕ್ಕ ಉಪಾಯಗಳನ್ನೆಲ್ಲ ಒಂದೊಂದಾಗಿ ಮಾಡಿ ನೋಡಿದೆ.

ಮೊದಲು ಸ್ಪ್ರೇ. ಎಲ್ಲರ ಕೈಯೂ ಮೊದಲು ಅದಕ್ಕೇ ಹೋಗುತ್ತದೆ, ಅಲ್ವಾ? ಗೋಡೆ ಬುಡಕ್ಕೆಲ್ಲ ಹೊಡೆದೆ. ಜಿರಳೆ ಸತ್ತವು, ಆದರೆ ಮೂರನೇ ರಾತ್ರಿ ಬಚ್ಚಲಲ್ಲಿ ಇನ್ನೊಂದು ಚೇಳು. ಅದು ಕಾಲಿನ ತುದಿಯ ಮೇಲೆ ಮೈ ಎತ್ತಿಕೊಂಡು ನಡೆಯುತ್ತದೆ, ಹಾಗಾಗಿ ನೆಲದಲ್ಲಿ ಒಣಗಿದ ಔಷಧಿ ಮೈಗೆ ತಾಗುವುದೇ ಕಡಿಮೆ. ಜಿರಳೆ ಕಡಿಮೆಯಾದರೆ ಚೇಳಿಗೆ ಊಟ ಕಡಿಮೆ, ಅದೊಂದು ಲಾಭ ನಿಜ. ಆದರೆ ಚೇಳು ತಿಂಗಳುಗಟ್ಟಲೆ ಏನೂ ತಿನ್ನದೆ ಇರಬಲ್ಲದು. ಅಲ್ಲಿಯವರೆಗೆ ನಾವು ಕಾಯೋಕಾಗುತ್ತಾ?

ಅಂಟಿನ ಹಾಳೆ ಇದಕ್ಕಿಂತ ವಾಸಿ. ಚೇಳು ಗೋಡೆ ಪಕ್ಕದಲ್ಲೇ ಸಾಗುತ್ತದೆ, ಅದಕ್ಕೆ ಹಾಳೆಯನ್ನು ಗೋಡೆಗೆ ಒತ್ತಿ ಇಡಬೇಕು. ಒಂದು ತಿಂಗಳಲ್ಲಿ ಎರಡು ಸಿಕ್ಕವು, ಎರಡೂ ಮುಂಬಾಗಿಲ ಹತ್ತಿರ. ಎಲ್ಲಿಂದ ಬರುತ್ತಿವೆ ಅಂತ ಗೊತ್ತಾಗಿದ್ದೇ ಅದರಿಂದ. ಆದರೆ ಒಂದು ಹಲ್ಲಿಯೂ ಸಿಕ್ಕಿಹಾಕಿಕೊಂಡಿತು. ಬಿಡಿಸಲು ಆಗಲಿಲ್ಲ, ತುಂಬಾ ಬೇಜಾರಾಯಿತು. ಆಮೇಲೆ ಹಾಳೆ ಇಡಲಿಲ್ಲ.

ವಾಸನೆ ಎಣ್ಣೆಗಳನ್ನೂ ಹಚ್ಚಿದೆ. ಏನೂ ವ್ಯತ್ಯಾಸ ಕಾಣಲಿಲ್ಲ.

ನನ್ನ ಕಣ್ಣು ತೆರೆಸಿದ್ದು ಯುವಿ ಟಾರ್ಚ್, ಅಂದರೆ ನೇರಳಾತೀತ ಬೆಳಕು ಬಿಡುವ ಟಾರ್ಚ್. ಆ ನೇರಳೆ ಬೆಳಕು ಬಿದ್ದರೆ ಚೇಳಿನ ಮೈ ಹಸಿರು ನೀಲಿಯಾಗಿ ಹೊಳೆಯುತ್ತದೆ, ಕತ್ತಲಲ್ಲಿ ದೂರದಿಂದಲೇ ಎದ್ದು ಕಾಣುತ್ತದೆ. ಆಗಷ್ಟೇ ಪೊರೆ ಬಿಟ್ಟ ಚೇಳು ಮಾತ್ರ ಸರಿಯಾಗಿ ಹೊಳೆಯುವುದಿಲ್ಲ. ಕತ್ತಲಾಗಿ ಒಂದೆರಡು ಗಂಟೆ ಕಳೆದ ಮೇಲೆ ಮನೆ ಸುತ್ತ ಹೋಗಿ ನೋಡಿದೆ. ಹಿಂದಿನ ಗೋಡೆಗೆ ತಾಗಿಸಿ ಪೇರಿಸಿದ್ದ ಇಟ್ಟಿಗೆಯಲ್ಲೇ ನಾಲ್ಕು! ಎಷ್ಟು ವರ್ಷದಿಂದ ಅಲ್ಲಿದ್ದವೋ. ವಾಪಸ್ ಬರುವಾಗ ಮುಂಬಾಗಿಲ ಮೂಲೆಯಲ್ಲಿ ಇನ್ನೊಂದು ಇತ್ತು, ನಾನು ನೋಡುತ್ತಾ ನಿಂತ ಹಾಗೆಯೇ ಮೈಯನ್ನು ಚಪ್ಪಟೆ ಮಾಡಿಕೊಂಡು, ಮೊದಲು ಇಕ್ಕಳದಂಥ ಕೈ, ಆಮೇಲೆ ಬೆನ್ನು, ಕೊನೆಗೆ ಬಾಲವನ್ನು ಪಕ್ಕಕ್ಕೆ ಮಲಗಿಸಿ ಎಳೆದುಕೊಂಡು ಒಳಗೆ ನುಸುಳಿತು. ಆ ಸಂದಿಗೆ ನನ್ನ ಕಿರುಬೆರಳೂ ಹೋಗುವುದಿಲ್ಲ.

ಹಾಗಾಗಿ ಕೊನೆಗೆ ಸಂದು ಮುಚ್ಚುವ ಕೆಲಸಕ್ಕೆ ಇಳಿದೆ. ಮೊದಲೇ ಮಾಡಬೇಕಿತ್ತು. ರಾತ್ರಿ ಒಳಗಿನ ಲೈಟ್ ಆರಿಸಿ, ಹೊರಗಿನಿಂದ ಒಬ್ಬರು ಸಾದಾ ಟಾರ್ಚ್ ಹಿಡಿದರೆ ಎಲ್ಲೆಲ್ಲಿ ಬೆಳಕು ಒಳಗೆ ಬರುತ್ತದೋ ಅಲ್ಲೆಲ್ಲ ಸಂದು ಇದೆ ಅಂತ ಅರ್ಥ. ಬಾಗಿಲ ಅಡಿಗೆ ರಬ್ಬರ್ ಪಟ್ಟಿ ಹಾಕಿದೆ. ಮೊದಲ ಸಲ ಪಟ್ಟಿ ಮೂಲೆಯಲ್ಲಿ ಅರ್ಧ ಇಂಚು ಗಿಡ್ಡವಾಗಿತ್ತು, ಸರಿಯಾಗಿ ಅಲ್ಲಿಂದಲೇ ಮತ್ತೊಂದು ಬಂತು. ಬಿಚ್ಚಿ, ಚೌಕಟ್ಟಿನ ಈ ತುದಿಯಿಂದ ಆ ತುದಿಗೆ ತಾಗುವ ಹಾಗೆ ಮತ್ತೆ ಹಾಕಿದೆ. ಪೈಪ್ ಸುತ್ತಲಿನ ಬಿರುಕಿಗೆ ಸಿಲಿಕಾನ್, ಬಚ್ಚಲ ತೂತಿಗೆ ಸಣ್ಣ ಕಣ್ಣಿನ ಜಾಲರಿ. ಇಟ್ಟಿಗೆ ರಾಶಿಯನ್ನು ಕಾಂಪೌಂಡಿನ ಆಚೆ ಮೂಲೆಗೆ ಸಾಗಿಸಿದೆ, ದಪ್ಪ ಗ್ಲೌಸ್ ಹಾಕಿಕೊಂಡು. ಇದಾಗಿ ಐದು ತಿಂಗಳು. ಒಳಗೆ ಒಂದೂ ಕಂಡಿಲ್ಲ.

ಮಗಳ ಮಂಚದ ಕಾಲುಗಳನ್ನು ಗಾಜಿನ ಬಾಟಲಿಯೊಳಗೆ ಇಟ್ಟಿದ್ದೇನೆ, ನುಣುಪು ಗಾಜನ್ನು ಚೇಳು ಹತ್ತಲಾರದು. ಹೊದಿಕೆ ನೆಲಕ್ಕೆ ಜೋತು ಬಿದ್ದರೆ ಅದೂ ದಂಡ, ಅದನ್ನು ಹಿಡಿದೇ ಹತ್ತುತ್ತದೆ. ಚಿಕ್ಕ ಮಕ್ಕಳಿಗೆ ಕುಟುಕಿದರೆ ಮನೆಮದ್ದು ಅಂತ ಹೊತ್ತು ಕಳೆಯಬೇಡಿ, ತಕ್ಷಣ ಆಸ್ಪತ್ರೆಗೆ ಓಡಿ.

ದುಡ್ಡು ಒಂದೇ ವಸ್ತುವಿಗೆ ಸಾಲುತ್ತದೆ ಅಂದರೆ ಸ್ಪ್ರೇ ಬಿಟ್ಟು ರಬ್ಬರ್ ಪಟ್ಟಿ ತನ್ನಿ. ಎರಡಕ್ಕೆ ಸಾಲುವುದಾದರೆ ಜೊತೆಗೆ ಯುವಿ ಟಾರ್ಚ್.