ಮೊದಲ ಟ್ರ್ಯಾಕ್ ಡೇಗೆ ಲೆದರ್ ಸೂಟ್ ಕೊಳ್ಳುವವರು ಹಣ ಕಳಿಸುವ ಮುನ್ನ ಓದಿ

ರೇಸ್ ಟ್ರ್ಯಾಕಿನಲ್ಲಿ ನಮ್ಮ ಬೈಕನ್ನೇ ಓಡಿಸಲು ಸಿಗುವ ಟ್ರ್ಯಾಕ್ ಡೇಗೆ ಮೊದಲ ಬಾರಿಗೆ ಹೆಸರು ಕೊಟ್ಟು, ಈಗ ಇನ್‌ಸ್ಟಾಗ್ರಾಮಿನಲ್ಲಿ ಲೆದರ್ ಸೂಟ್ ಹುಡುಕುತ್ತಿರುವವರು ದಯವಿಟ್ಟು ಹಣ ಕಳಿಸುವ ಮುನ್ನ ಇದನ್ನು ಪೂರ್ತಿಯಾಗಿ ಓದಬೇಕು. ‘ಸಿಇ ಲೆವೆಲ್ 2 ಆರ್ಮರ್ ಇರುವ ಟ್ರ್ಯಾಕ್ ಸೂಟ್’ (ಆರ್ಮರ್ ಎಂದರೆ ಬಿದ್ದಾಗ ಪೆಟ್ಟು ತಡೆಯುವ ಪ್ಯಾಡು, ಸಿಇ ಎಂದರೆ ಯುರೋಪಿನ ಸುರಕ್ಷತಾ ನಿಯಮಗಳಿಗೆ ಒಪ್ಪುವ ಗುರುತು) ಎಂದು ನಂಬಿಸಿ ನನಗೆ ₹28,000ಕ್ಕೆ ಮಾರಿದ ಸೂಟಿನ ಭುಜ, ಮೊಣಕೈ, ಮೊಣಕಾಲುಗಳಲ್ಲಿ ತುಂಬಿದ್ದದ್ದು ಬರೀ ಸ್ಪಂಜು. ಅದು ಬಯಲಾದದ್ದು ಟ್ರ್ಯಾಕಿಗೆ ಇಳಿಯುವ ಮುನ್ನ ಬೈಕು, ಉಡುಪುಗಳನ್ನು ತಪಾಸಣೆ ಮಾಡುವ ಸ್ಕ್ರುಟಿನಿ ಶೆಡ್ಡಿನಲ್ಲಿ, ಸಾಲಿನಲ್ಲಿ ನಿಂತ ಅಪರಿಚಿತರೆಲ್ಲರ ಕಣ್ಣೆದುರಿಗೆ. ಮಾರಿದವನು ಇಂದಿಗೂ ಅದೇ ಫೋಟೊ ಹಾಕಿ, ಅದೇ ಮಾತು ಬರೆದು, ಅದೇ ಸೂಟನ್ನು ಮಾರುತ್ತಿದ್ದಾನೆ. ನಾನು ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿರುವುದರಿಂದ ಅಂಗಡಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಆದರೆ ಅವನು ಹೇಳಿದ ಮಾತುಗಳನ್ನು ಒಂದಕ್ಷರವೂ ಬಿಡದೆ ಬರೆಯುತ್ತೇನೆ, ಏಕೆಂದರೆ ಇದೇ ಮಾತುಗಳು ನಿಮ್ಮ ಮೊಬೈಲಿಗೂ ಬರಬಹುದು.

ನಾನು ಹೋಗಬೇಕಿದ್ದದ್ದು ಚೆನ್ನೈ ಬಳಿಯ ಇರುಂಗಾಟ್ಟುಕೋಟೈಗೆ. ಬೆಂಗಳೂರಿನಿಂದ ಹೊಸೂರು, ಕೃಷ್ಣಗಿರಿ, ವೆಲ್ಲೂರು ದಾಟಿ ಸುಮಾರು 300 ಕಿ.ಮೀ. ದೂರದಲ್ಲಿರುವ, ನಮ್ಮಲ್ಲಿ ಹಲವರು ಇಂದಿಗೂ ಎಂಎಂಆರ್‌ಟಿ ಎಂದೇ ಕರೆಯುವ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಅದು. 3.7 ಕಿ.ಮೀ. ಉದ್ದ, 12 ತಿರುವುಗಳು. ಹೊಸಬರಿಗೂ ಅಲ್ಲಿ ಸಂಪೂರ್ಣ ಲೆದರ್ ಸೂಟ್, ಬೆನ್ನಿಗೆ ಬ್ಯಾಕ್ ಪ್ರೊಟೆಕ್ಟರ್, ಮಣಿಕಟ್ಟು ಮುಚ್ಚುವ ಗ್ಲೌಸು, ಕಣಕಾಲು ಮುಚ್ಚುವ ಬೂಟು, ಗಲ್ಲದ ಪಟ್ಟಿ ಬಿಗಿಯಲು ಡಬಲ್ ಡಿ-ರಿಂಗ್ (ಎರಡು ಲೋಹದ ಬಳೆ) ಇರುವ ಫುಲ್‌ಫೇಸ್ ಹೆಲ್ಮೆಟ್ ಕಡ್ಡಾಯವೆಂದು ಆಯೋಜಕರು ಮೊದಲೇ ಪಟ್ಟಿ ಕಳಿಸಿದ್ದರು. ಹೆಲ್ಮೆಟ್, ಗ್ಲೌಸು, ಬೂಟು, ಬ್ಯಾಕ್ ಪ್ರೊಟೆಕ್ಟರ್ ನನ್ನ ಬಳಿ ಇದ್ದವು. ಸೂಟ್ ಮಾತ್ರ ಕೊಳ್ಳಬೇಕಿತ್ತು.

ಸೂಟ್ ಹೊಲಿಸುವ ವ್ಯವಹಾರ ಹೇಗೆ ನಡೆಯುತ್ತದೆಂದು ನಿಮಗೆ ಗೊತ್ತೇ ಇದೆ: ಅಳತೆಯ ಪಟ್ಟಿ ತುಂಬುವುದು, ಅರ್ಧ ಹಣ ಮುಂಗಡ, ಸೂಟ್ ತಯಾರಾದ ಫೋಟೊ ಬಂದ ಮೇಲೆ ಉಳಿದ ಹಣ, ಆಮೇಲೆ ಕೊರಿಯರ್. ಆರ್ಮರ್ ಯಾವ ಲೆವೆಲ್, ಚರ್ಮ ಎಷ್ಟು ದಪ್ಪ, ಹೊಲಿಗೆ ಎಷ್ಟು ಸಾಲು ಎಂಬ ಪ್ರಶ್ನೆಗಳನ್ನೆಲ್ಲ ನಾನು ವಾಟ್ಸ್‌ಆ್ಯಪಿನಲ್ಲಿ ಬರೆದೇ ಕೇಳಿದ್ದೆ. ಬರವಣಿಗೆಯಲ್ಲೇ ಉತ್ತರವೂ ಬಂತು. “ಫುಲ್ ಲೆವೆಲ್ 2 ಸಾರ್, ಭುಜ, ಮೊಣಕೈ, ಮಂಡಿ, ಸೊಂಟ ಎಲ್ಲಾ ಕಡೆ. 1.2 ಎಂಎಂ ಹಸುವಿನ ಲೆದರ್. ಟ್ರಿಪಲ್ ಸ್ಟಿಚ್. ಚೆನ್ನೈ ಟ್ರ್ಯಾಕಲ್ಲಿ ಮುಕ್ಕಾಲು ಜನ ಹಾಕೋದೇ ನಮ್ಮ ಸೂಟು.” ಬಿಲ್ ಕೇಳಿದಾಗ, “ಬಾಕ್ಸ್ ಒಳಗೇ ಇರುತ್ತೆ ಸಾರ್” ಎಂದ. ಬಾಕ್ಸಿನಲ್ಲಿ ಇದ್ದದ್ದು ಒಂದು ಸ್ಟಿಕರ್ ಮತ್ತು ಧನ್ಯವಾದ ಹೇಳುವ ಒಂದು ಕಾರ್ಡು. ಮತ್ತೆ ಕೇಳಿದರೆ, “ಬಿಲ್ ಬೇಕಂದ್ರೆ ಜಿಎಸ್‌ಟಿ ಎಕ್ಸ್‌ಟ್ರಾ ಆಗುತ್ತೆ” ಎಂಬ ಉತ್ತರ. ಅಷ್ಟು ಹೊತ್ತಿಗೆ ಪೂರ್ತಿ ಹಣ ಅವನ ಯುಪಿಐ ಖಾತೆಗೆ ಸೇರಿಯಾಗಿತ್ತು.

ಸೂಟ್ ಹೊರಗಿನಿಂದ ನೋಡಲು ಚೆನ್ನಾಗಿಯೇ ಇತ್ತು. ಭುಜದ ಮೇಲೆ ಪ್ಲಾಸ್ಟಿಕ್ ಫಲಕ, ಬೆನ್ನಿಗೆ ಹಂಪ್ (ಗೂನಿನಂಥ ಉಬ್ಬು), ಮಂಡಿಗೆ ಸ್ಲೈಡರ್ (ತಿರುವಿನಲ್ಲಿ ನೆಲಕ್ಕೆ ತಾಗುವ ಪ್ಲಾಸ್ಟಿಕ್ ತುಂಡು), ಕುತ್ತಿಗೆಯ ಒಳಗೆ ಬಿಳಿ ಅಕ್ಷರದಲ್ಲಿ ‘ಸಿಇ’ ಎಂದು ಅಚ್ಚಾದ ಪಟ್ಟಿ. ಆದರೆ ಆರ್ಮರ್ ಇರುವ ಜೇಬುಗಳಿಗೆ ಬಾಯಿಯೇ ಇರಲಿಲ್ಲ. ಒಳಗಿನ ಅಸ್ತರನ್ನು ಸುತ್ತಲೂ ಹೊಲಿದುಬಿಟ್ಟಿದ್ದರು. ಒಗೆಯಬೇಕಾದಾಗ ಆರ್ಮರ್ ತೆಗೆಯುವುದು ಹೇಗೆ ಎಂದು ಆಗಲೇ ಕೇಳಿದ್ದೆ. “ಅದು ಫಿಕ್ಸೆಡ್ ಸಾರ್, ಬಿದ್ದಾಗ ಆಚೀಚೆ ಸರಿಬಾರದು ಅಂತ. ಅಸ್ತರು ಬಿಚ್ಚಿದ್ರೆ ವಾರಂಟಿ ಹೋಗುತ್ತೆ, ದಯವಿಟ್ಟು ಬಿಚ್ಚಬೇಡಿ.” ಈ ಮಾತನ್ನು ನೆನಪಿಟ್ಟುಕೊಳ್ಳಿ. ಇಡೀ ಮೋಸ ಅಡಗಿದ್ದದ್ದೇ ಆ ಹೊಲಿಗೆಯ ಹಿಂದೆ.

ಬೈಕಿನ ತಯಾರಿಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಹೊಸ ಬ್ರೇಕ್ ಪ್ಯಾಡು, ಹೊಸ ಬ್ರೇಕ್ ಆಯಿಲು, ಸರಿಯಾದ ಚೈನ್ ಟೆನ್ಶನ್, ಕನ್ನಡಿ ಬಿಚ್ಚಿ ದೀಪಗಳಿಗೆ ಟೇಪು. ಕೂಲಂಟ್ ಟ್ರ್ಯಾಕಿನ ಮೇಲೆ ಚೆಲ್ಲಿದರೆ ಹಿಂದೆ ಬರುವವರೂ ಜಾರಿ ಬೀಳುತ್ತಾರೆಂದು ಅದನ್ನು ತೆಗೆಸಿ ಬರೀ ನೀರು ತುಂಬಿಸಿದ್ದೆ. ಸ್ಕ್ರುಟಿನಿಯಲ್ಲಿ ಬೈಕ್ ಒಂದೇ ನೋಟಕ್ಕೆ ಪಾಸಾಯಿತು. ಹೆಲ್ಮೆಟ್ ಪಾಸಾಯಿತು. ಗ್ಲೌಸು, ಬೂಟು ಪಾಸಾದವು. ನಂತರ ಅಲ್ಲಿದ್ದ ಹಿರಿಯರು ಸೂಟನ್ನು ಕೈಗೆತ್ತಿಕೊಂಡರು.

ಅವರು ಮೊದಲು ಮೊಣಕೈ ಭಾಗವನ್ನು ಹೆಬ್ಬೆರಳಿನಿಂದ ಒತ್ತಿದರು. ಬೆರಳು ಒಳಕ್ಕೆ ಹೋಯಿತು. ಭುಜ ಒತ್ತಿದರು, ಮಂಡಿ ಒತ್ತಿದರು, ಮತ್ತೆ ಮೊಣಕೈಗೆ ಬಂದರು. ಏನೂ ಹೇಳಲಿಲ್ಲ. ಕುತ್ತಿಗೆಯ ಪಟ್ಟಿಯನ್ನು ಹೊರಳಿಸಿ ಓದಿದರು, ಓದಲು ಅದರಲ್ಲಿ ಎರಡಕ್ಷರದ ಹೊರತು ಏನೂ ಇರಲಿಲ್ಲ. “ಇದರ ಒಳಗೆ ಏನಿದೆ ಎಂದು ನೀವು ನೋಡಿದ್ದೀರಾ?” ಎಂದು ನನ್ನನ್ನು ಕೇಳಿದರು. ಲೆವೆಲ್ 2 ಆರ್ಮರ್ ಎಂದೆ. ನನ್ನ ಒಪ್ಪಿಗೆ ಪಡೆದು ಸಣ್ಣ ಬ್ಲೇಡಿನಿಂದ ಅಸ್ತರಿನ ನಾಲ್ಕಾರು ಹೊಲಿಗೆ ಬಿಡಿಸಿ, ಎರಡು ಬೆರಳು ತೂರಿಸಿ, ಒಳಗಿದ್ದದ್ದನ್ನು ಹೊರಗೆಳೆದರು. ಹವಾಯಿ ಚಪ್ಪಲಿಯ ಅಟ್ಟೆಯಷ್ಟು ದಪ್ಪದ, ಕತ್ತರಿಯಿಂದ ಅಡ್ಡಾದಿಡ್ಡಿ ಕತ್ತರಿಸಿದ ಕಪ್ಪು ಸ್ಪಂಜು ಅದು. ಅಂಚಿನಲ್ಲಿ ಅಂಟು ಒಣಗಿ ಹಳದಿಯಾಗಿತ್ತು. ಅವರು ಅದನ್ನು ಎರಡಾಗಿ ಮಡಚಿ ನನ್ನ ಅಂಗೈಯಲ್ಲಿಟ್ಟರು. ಅದು ತಾನಾಗಿಯೇ ಬಿಚ್ಚಿಕೊಂಡಿತು.

ನನ್ನ ಹಿಂದೆ ಸಾಲಿನಲ್ಲಿ ಬೆಂಗಳೂರಿನ ಹುಡುಗರೇ ಕೆಲವರಿದ್ದರು. ಯಾರೂ ನಗಲಿಲ್ಲ, ಆದರೆ ಎಲ್ಲರೂ ನೋಡಿದರು. ಪಿಕಪ್ ವಾಹನದಲ್ಲಿ ರಾತ್ರಿಯೆಲ್ಲ ನನ್ನ ಜೊತೆ ಬಂದಿದ್ದ ಗೆಳೆಯ ಮುಖ ಆಚೆ ತಿರುಗಿಸಿಕೊಂಡ. ಹಣ ಹೋದದ್ದಕ್ಕಿಂತ ಆ ಕ್ಷಣದ ಅವಮಾನ ಇಂದಿಗೂ ಹೊಟ್ಟೆ ಉರಿಸುತ್ತದೆ. ಬರೆದು ಕೇಳಿ, ಬರೆದು ಉತ್ತರ ಪಡೆದ ಮನುಷ್ಯನನ್ನು ಇಷ್ಟು ಸಲೀಸಾಗಿ ಮೋಸ ಮಾಡಬಹುದೆಂದರೆ ಯಾರಿಗೆ ಹೇಳಿಕೊಳ್ಳುವುದು?

ಆ ಹಿರಿಯರು ಪಕ್ಕದಲ್ಲಿದ್ದ ಬಾಡಿಗೆ ಸೂಟಿನ ಜೇಬಿನಿಂದ ನಿಜವಾದ ಆರ್ಮರ್ ತೆಗೆದು ತೋರಿಸಿದರು. ಅದರ ಮೈಮೇಲೆಯೇ ಎಲ್ಲವೂ ಮೂಡಿತ್ತು: ಬೈಕ್ ಸವಾರನ ಸಣ್ಣ ಚಿತ್ರ, ಇಎನ್ 1621-1 ಎಂಬ ಮಾನದಂಡದ ಸಂಖ್ಯೆ, ಮೊಣಕೈಯದೆಂದು ತಿಳಿಸುವ ‘ಇ’ ಅಕ್ಷರ, ಲೆವೆಲ್ಲಿನ ಅಂಕೆ. ಭುಜಕ್ಕಾದರೆ ‘ಎಸ್’, ಮಂಡಿಗೆ ‘ಕೆ’, ಸೊಂಟಕ್ಕೆ ‘ಎಚ್’ ಇರುತ್ತದೆ. ಬೆನ್ನಿನದಕ್ಕೆ ಮಾನದಂಡವೇ ಬೇರೆ, ಇಎನ್ 1621-2. ಲೆವೆಲ್ ಎನ್ನುವುದು ಮಾರಾಟಗಾರ ಬಾಯಿಗೆ ಬಂದಂತೆ ಹೇಳುವ ಸಂಖ್ಯೆಯಲ್ಲ. ಐದು ಕಿಲೊ ತೂಕವನ್ನು ಒಂದು ಮೀಟರ್ ಎತ್ತರದಿಂದ ಬೀಳಿಸಿದಷ್ಟು, ಅಂದರೆ 50 ಜೂಲ್ ಪೆಟ್ಟನ್ನು ಆರ್ಮರಿಗೆ ಕೊಟ್ಟು, ಅದನ್ನು ದಾಟಿ ಮೂಳೆಯ ಕಡೆಗೆ ಎಷ್ಟು ಬಲ ಹೋಗುತ್ತದೆಂದು ಅಳೆಯುತ್ತಾರೆ. ಕೈಕಾಲುಗಳ ಆರ್ಮರಿನಲ್ಲಿ ಆ ಬಲದ ಸರಾಸರಿ 35 ಕಿಲೊನ್ಯೂಟನ್ ಮೀರದಿದ್ದರೆ ಲೆವೆಲ್ 1, 20 ಮೀರದಿದ್ದರೆ ಲೆವೆಲ್ 2. ನನ್ನ ಕೈಯಲ್ಲಿದ್ದ ಸ್ಪಂಜನ್ನು ಯಾರೂ ಎಂದೂ ಯಾವ ಪರೀಕ್ಷೆಗೂ ಒಡ್ಡಿರಲಿಕ್ಕಿಲ್ಲ.

ಸೂಟ್ ತಿರಸ್ಕೃತವಾಯಿತು. ಅಧಿಕಾರಿಗಳ ಮೇಲೆ ನನಗೆ ಎಳ್ಳಷ್ಟೂ ಬೇಸರವಿಲ್ಲ, ಅವರು ನನ್ನ ಮೊಣಕೈ ಉಳಿಸಿದರು. ಆದರೆ ಬಾಡಿಗೆಗೆ ನನ್ನ ಅಳತೆಯ ಸೂಟ್ ಸಿಗುವ ಹೊತ್ತಿಗೆ ಬೆಳಗಿನ ಸೆಷನ್ನುಗಳು ಮುಗಿದಿದ್ದವು. ಹೊಸಬರಿಗೆ ತಿರುವು ಹಿಡಿಯುವ ದಾರಿ ಹೇಳಿಕೊಡುವ ನಿಧಾನದ ಸುತ್ತುಗಳು ನಡೆಯುವುದೇ ಬೆಳಿಗ್ಗೆ, ಅವು ನನಗೆ ಸಿಗಲಿಲ್ಲ. ಕಟ್ಟಿದ ಶುಲ್ಕದ ಅರ್ಧ ಹೀಗೆ ಹೋಯಿತು, ಸೂಟಿನ ಬಾಡಿಗೆ ಬೇರೆ.

ಮಧ್ಯಾಹ್ನದ ಸೆಷನ್ನಿನಲ್ಲಿ ನನ್ನ ಮುಂದಿದ್ದ ಸವಾರರೊಬ್ಬರು ತಿರುವಿನಲ್ಲಿ ಮುಂದಿನ ಚಕ್ರ ಜಾರಿ ಬಿದ್ದು, ಡಾಂಬರಿನ ಮೇಲೆ ಬಹಳ ದೂರ ಉಜ್ಜಿಕೊಂಡು ಹೋದರು. ಅಪಾಯ ಸೂಚಿಸುವ ಹಳದಿ ಬಾವುಟ ಹಾರಿತು. ಅವರು ಎದ್ದು ನಡೆದುಕೊಂಡೇ ಬಂದರು. ಆಮೇಲೆ ಪ್ಯಾಡಕ್‌ನಲ್ಲಿ (ಟ್ರ್ಯಾಕಿನ ಪಕ್ಕ ಬೈಕುಗಳನ್ನು ನಿಲ್ಲಿಸುವ ಜಾಗ) ಅವರ ಸೂಟನ್ನು ಹತ್ತಿರದಿಂದ ನೋಡಿದೆ. ಮೊಣಕೈಯ ಚರ್ಮ ಬಣ್ಣ ಕಳೆದುಕೊಂಡು ನಾರು ಎದ್ದಿತ್ತು, ಮೂರು ಸಾಲು ಹೊಲಿಗೆಯಲ್ಲಿ ಹೊರಗಿನ ಎರಡು ಸವೆದು ಹೋಗಿದ್ದವು, ಒಳಗಿನ ಮೂರನೆಯದು ಹಾಗೆಯೇ ಹಿಡಿದುಕೊಂಡಿತ್ತು. ನನ್ನ ಸೂಟಿನ ಮೊಣಕೈಯಲ್ಲಿ ಎಷ್ಟು ಸಾಲಿದೆಯೆಂದು ಅಲ್ಲೇ ಬಿಡಿಸಿ ನೋಡಿದೆ. ಮೇಲೆ ಕಾಣುವಂತೆ ಮೂರು ಸಾಲು ದಾರ ಓಡಿತ್ತು, ಎರಡು ತುಂಡು ಚರ್ಮವನ್ನು ನಿಜವಾಗಿ ಜೋಡಿಸಿದ್ದದ್ದು ಅದರಲ್ಲಿ ಒಂದೇ. ಉಳಿದೆರಡು ಬರೀ ಅಲಂಕಾರ. ಗಂಟೆಗೆ ನೂರು ಕಿ.ಮೀ. ವೇಗದಲ್ಲಿ ಬಿದ್ದಿದ್ದರೆ ಆ ಹೊಲಿಗೆ ಬಾಯಿಬಿಟ್ಟು, ಡಾಂಬರು ನೇರವಾಗಿ ನನ್ನ ಚರ್ಮಕ್ಕೇ ತಾಗುತ್ತಿತ್ತು.

ಈಗ ಅವನ ಉತ್ತರಗಳಿಗೆ ಬರುತ್ತೇನೆ. ಅಲ್ಲಿಂದಲೇ ಸ್ಪಂಜಿನ ಫೋಟೊ ಕಳಿಸಿದೆ. ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಸಂಜೆ ಫೋನ್ ಮಾಡಿದಾಗ ಮೊದಲ ಮಾತೇ, “ಯಾರು ಸಾರ್ ಅಸ್ತರು ಬಿಚ್ಚಿದ್ದು? ವಾರಂಟಿ ಹೋಯ್ತಲ್ಲ!” ಸ್ಪಂಜಿನ ಬಗ್ಗೆ ಒಂದು ಮಾತಿಲ್ಲ, ಬಿಚ್ಚಿದವರು ಯಾರು ಎಂಬುದೇ ಅವನ ಚಿಂತೆ. ನಂತರ, “ಟ್ರ್ಯಾಕ್‌ನೋರು ಬಾಡಿಗೆ ಸೂಟು ಓಡಲಿ ಅಂತ ಎಲ್ಲರದ್ದೂ ರಿಜೆಕ್ಟ್ ಮಾಡ್ತಾರೆ ಸಾರ್, ನೀವು ಹೊಸಬರು, ನಿಮಗೆ ಗೊತ್ತಾಗಲ್ಲ” ಎಂದ. ಅದೇ ಸಾಲಿನಲ್ಲಿ ಬೇರೆಯವರ ಸೂಟುಗಳು ಪಾಸಾದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಲೆವೆಲ್ 2 ಎಂದು ಅವನೇ ಬರೆದ ಸಂದೇಶವನ್ನು ಮತ್ತೆ ಅವನಿಗೇ ಕಳಿಸಿದೆ. ಅದಕ್ಕೆ ಬಂದ ಉತ್ತರವನ್ನು ಓದಿ ಕೈ ನಡುಗಿತು: “ಲೆವೆಲ್ 2 ಅಂದ್ರೆ ನಮ್ಮ ಅಂಗಡಿ ಲೆವೆಲ್ ಸಾರ್. ಲೆವೆಲ್ 1 ಬೇಸಿಕ್ ಮಾಡೆಲ್, ಲೆವೆಲ್ 2 ಪ್ರೀಮಿಯಂ. ನಿಮಗೆ ಪ್ರೀಮಿಯಮ್ಮೇ ಕೊಟ್ಟಿದ್ದೀವಿ.” ಹಾಗಾದರೆ ಅದರ ಮುಂದೆ ಸಿಇ ಎಂದು ಬರೆದದ್ದೇಕೆ? ಕುತ್ತಿಗೆಗೆ ಆ ಪಟ್ಟಿ ಹೊಲಿದದ್ದೇಕೆ? ಎರಡನ್ನೂ ಕೇಳಿದೆ. “ಅದು ಲೇಬಲ್ ಸಾರ್, ಎಲ್ಲರೂ ಹಾಕ್ತಾರೆ.”

ಹಣ ವಾಪಸ್ ಕೇಳಿದ ಮೇಲೆ ಧಾಟಿಯೇ ಬದಲಾಯಿತು. ಫೋಟೊದಲ್ಲಿ ಬೆವರಿನ ಕಲೆ ಕಾಣುತ್ತಿದೆ, ಬಳಸಿದ ಮಾಲು ವಾಪಸ್ ಇಲ್ಲ ಎಂದ. ಶೆಡ್ಡಿನಲ್ಲಿ ಕೈಯಲ್ಲಿ ಹಿಡಿದು ನಿಂತದ್ದು ಬಿಟ್ಟರೆ ಆ ಸೂಟು ಟ್ರ್ಯಾಕಿನ ಡಾಂಬರನ್ನೂ ಕಂಡಿಲ್ಲ. ಬೇಕಿದ್ದರೆ ₹6,000 ಹೆಚ್ಚಿಗೆ ಕೊಡಿ, ‘ಒರಿಜಿನಲ್’ ಆರ್ಮರ್ ಹಾಕಿಕೊಡುತ್ತೇನೆ ಎಂದು ಇನ್ನೊಂದು ಸಂದೇಶ. ಕೊನೆಗೆ ಅವನು ಹೇಳಿದ ಮಾತನ್ನು ಪ್ರತಿಯೊಬ್ಬರೂ ಓದಬೇಕು: “ನೀವು ಬಿದ್ದೇ ಇಲ್ವಲ್ಲ ಸಾರ್, ನಿಮಗೇನು ನಷ್ಟ ಆಯ್ತು?” ಮರುದಿನ ನನ್ನ ನಂಬರನ್ನು ಬ್ಲಾಕ್ ಮಾಡಿದ. ಅವನ ಪುಟದಲ್ಲಿ ನಾನು ಹಾಕಿದ ಪ್ರಶ್ನೆ ಅಳಿಸಿಹೋಯಿತು, ಕೆಳಗಿದ್ದ ಹೊಗಳಿಕೆಗಳೆಲ್ಲ ಹಾಗೇ ಉಳಿದಿವೆ.

ಸೂಟ್ ಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ. ಆರ್ಮರ್ ಜೇಬಿನ ಬಾಯಿ ತೆರೆದಿರಬೇಕು, ವೆಲ್ಕ್ರೋ ಅಥವಾ ಜಿಪ್ ಇರಬೇಕು, ಆರ್ಮರನ್ನು ಹೊರತೆಗೆದು ಅದರ ಮೇಲಿನ ಸಂಖ್ಯೆ ಓದುವವರೆಗೆ ಉಳಿದರ್ಧ ಹಣ ಕಳಿಸಲೇಬೇಡಿ. ‘ಫಿಕ್ಸೆಡ್’ ಎಂದವನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಸೂಟಿನದೇ ಪಟ್ಟಿಯಲ್ಲಿ ಇಎನ್ 17092 ಎಂಬ ಸಂಖ್ಯೆಯೂ ಅದರ ದರ್ಜೆಯೂ ಇರಬೇಕು. ಟ್ರ್ಯಾಕಿಗೆ ತಕ್ಕದ್ದು ಎಎಎ, ಅದು ಆ ಮಾನದಂಡದ ಅತ್ಯುನ್ನತ ದರ್ಜೆ. ಆರ್ಮರಿನ ಮೇಲೆ ಮಾತ್ರ ಸಿಇ ಇದ್ದು ಇಡೀ ಸೂಟೇ ಪರೀಕ್ಷೆಗೊಂಡಿದೆ ಎಂದು ಹೇಳುವವರೂ ಇದ್ದಾರೆ, ಅದನ್ನೂ ನಂಬಬೇಡಿ. ಪ್ರಮಾಣಪತ್ರ ಕೇಳಿ. ಬಿಲ್ ಇಲ್ಲದೆ ಕೊಳ್ಳಲೇಬೇಡಿ. ಮೊದಲ ಟ್ರ್ಯಾಕ್ ಡೇಗೆ ಆಯೋಜಕರಿಂದ ಬಾಡಿಗೆ ಸೂಟನ್ನು ಮುಂಚಿತವಾಗಿ ಕಾಯ್ದಿರಿಸುವುದೇ ಮೇಲು. ಅಲ್ಲಿ ನಾಲ್ಕು ಬಗೆಯ ಸೂಟುಗಳನ್ನು ಮುಟ್ಟಿ ನೋಡಿ, ಆಮೇಲೆ ಸ್ವಂತದ್ದು ಕೊಳ್ಳಿ.

ನಾನು ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ಅಂಗಡಿಯವನು ಅದಕ್ಕೂ ಉತ್ತರಿಸದ ಕಾರಣ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಆನ್‌ಲೈನಿನಲ್ಲಿಯೇ ದೂರು ಸಲ್ಲಿಸಿದ್ದೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾರಿದವನು ಯಾವ ಊರಿನವನಾದರೂ ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕೊಟ್ಟ ಬೆಲೆ ₹5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ, ಎರಡು ವರ್ಷದೊಳಗೆ ಕೊಡಬೇಕು ಅಷ್ಟೇ. ಯುಪಿಐ ರಸೀದಿ, ವಾಟ್ಸ್‌ಆ್ಯಪ್ ಸಂದೇಶಗಳು, ಸ್ಕ್ರುಟಿನಿಯಲ್ಲಿ ತಿರಸ್ಕರಿಸಿದ ಚೀಟಿ, ಬಿಡಿಸಿದ ಅಸ್ತರು ಮತ್ತು ಸ್ಪಂಜಿನ ಸಮೇತ ಸೂಟ್, ಎಲ್ಲವನ್ನೂ ಜೋಪಾನವಾಗಿ ಇಟ್ಟಿದ್ದೇನೆ. ಇಲ್ಲಿರುವ ಮಾತುಗಳನ್ನು ಓದಿ ಆ ಅಂಗಡಿ ಯಾವುದೆಂದು ಗುರುತು ಹಿಡಿದವರು, ಅವನಿಂದ ಸೂಟ್ ಕೊಂಡವರು ಯಾರಾದರೂ ಇದ್ದರೆ, ಮುಂದಿನ ಬಾರಿ ಅದನ್ನು ತೊಡುವ ಮುನ್ನ ಮೊಣಕೈಯ ಅಸ್ತರನ್ನು ಬಿಡಿಸಿ ನೋಡಿ, ಒಳಗಿರುವುದರ ಫೋಟೊವನ್ನು ನನಗೆ ಕಳಿಸಿಕೊಡಿ.